ಐದು ಸಾವಿರ ರೂಪಾಯಿಯ ಮಗಳು: ಮೇರಿ ರಾಯ್ ಪ್ರಕರಣ

ನಮ್ಮ ಕ್ಯಾಥೊಲಿಕರಲ್ಲಿ ಮದುವೆಗೆ ಮೊದಲು ಒಂದು ತಯಾರಿ ಶಿಬಿರ ಇರುತ್ತದೆ. ಹುಡುಗ, ಹುಡುಗಿ ಇಬ್ಬರೂ ಹೋಗಿ ಕೂರಬೇಕು. ಕೊನೆಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ನಾನೂ ಕೂತಿದ್ದೆ. ಮದುವೆ ಯಾಕೆ ಸಂಸ್ಕಾರ ಎಂದು ಫಾದರ್ ಒಬ್ಬರು ಹೇಳಿದರು. ಡಾಕ್ಟರ್ ಬಂದು ಬಸಿರು, ಹೆರಿಗೆ ವಿಷಯ ಮಾತಾಡಿದರು. ಬಹಳ ವರ್ಷ ಸಂಸಾರ ಮಾಡಿದ ದಂಪತಿ ಬಂದು, ಜಗಳವಾದ ರಾತ್ರಿ ಮಾತು ಬಿಟ್ಟು ಮಲಗಬೇಡಿ ಎಂದರು. ಉಳಿತಾಯ, ಕುಡಿತ, ಅತ್ತೆ-ಸೊಸೆ, ಮಕ್ಕಳಿಗೆ ಹೊಡೆಯೋದು ಸರಿಯೋ ತಪ್ಪೋ, ಎಲ್ಲ ಬಂತು. ಬಾರದೇ ಹೋದದ್ದು ಒಂದೇ ಪ್ರಶ್ನೆ. ಮದುವೆಯಾಗಿ ಹೋಗುವ ಹುಡುಗಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಇದೆಯೋ ಇಲ್ಲವೋ?

ಊಟದ ಹೊತ್ತಿಗೆ ಯಾರೋ ಮೆಲ್ಲಗೆ ಕೇಳಿದರು. ಅದು ಆಯಾ ಕುಟುಂಬದ ವಿಷಯ ಎಂಬ ಉತ್ತರ ಬಂತು. ಶಿಬಿರ ನಡೆದದ್ದೇ ಕುಟುಂಬದ ವಿಷಯಕ್ಕೆ, ಅಲ್ವಾ?

ಇದೇ ಪ್ರಶ್ನೆಯನ್ನು ಮೆಲ್ಲಗೆ ಕೇಳದೆ ಜೋರಾಗಿ ಕೇಳಿದ ಹೆಣ್ಣುಮಗಳು ಕೇರಳದ ಕೋಟ್ಟಯಂನ ಮೇರಿ ರಾಯ್. ಕಾನೂನು ಓದುವವರಿಗೆ 'ಮೇರಿ ರಾಯ್ ವಿರುದ್ಧ ಕೇರಳ ರಾಜ್ಯ, 1986' ಒಂದು ಪಾಠ. ನನಗೆ ಅದು ಒಂದು ಮನೆಯ ಕಥೆ. 'ಕ್ರೈಸ್ತ ಕುಟುಂಬ' ಎಂದು ನಾವು ಹೆಮ್ಮೆಯಿಂದ ಹೇಳುವುದರ ಅಡಿಪಾಯದಲ್ಲಿ ಏನಿದೆ ಎಂದು ಅಗೆದು ತೋರಿಸಿದ ಕಥೆ.

ಮನೆ

ಮೇರಿ ಹುಟ್ಟಿದ್ದು 1933ರಲ್ಲಿ, ಕೋಟ್ಟಯಂ ಪಕ್ಕದ ಅಯ್ಮನಂ ಊರಿನ ಸಿರಿಯನ್ ಕ್ರೈಸ್ತ ಮನೆತನದಲ್ಲಿ. ಯೇಸುವಿನ ಶಿಷ್ಯ ಸಂತ ತೋಮಸರಿಂದಲೇ ತಮಗೆ ಧರ್ಮ ಬಂತು ಎಂದು ನಂಬುವ ಸಮುದಾಯ ಅದು. ಓದು ಜಾಸ್ತಿ, ಜಮೀನು ಜಾಸ್ತಿ, ಮನೆತನದ ಹೆಸರಿನ ಅಭಿಮಾನವೂ ಜಾಸ್ತಿ. ಅಪ್ಪ ಕೀಟ ವಿಜ್ಞಾನಿ, ಬ್ರಿಟಿಷ್ ಕಾಲದ ಸರ್ಕಾರಿ ಹುದ್ದೆಯಲ್ಲಿದ್ದವರು. ಮಗಳು ದೆಹಲಿಯಲ್ಲಿ ಬೆಳೆದು ಮದ್ರಾಸಿನಲ್ಲಿ ಕಾಲೇಜು ಓದಿದರು. ಕಲ್ಕತ್ತೆಯಲ್ಲಿ ಕೆಲಸಕ್ಕಿದ್ದಾಗ ಒಬ್ಬ ಬಂಗಾಳಿಯ ಪರಿಚಯವಾಗಿ ಮದುವೆಯಾದರು. ಗಂಡ ಅಸ್ಸಾಂ ಕಡೆ ಚಹಾ ತೋಟದಲ್ಲಿ ಮ್ಯಾನೇಜರ್. ಸಮುದಾಯದ ಹೊರಗಿನ ಮದುವೆ. ಮನೆಯವರ ಕಣ್ಣಲ್ಲಿ ಅದು ಮೊದಲ ತಪ್ಪು.

ಎರಡು ಮಕ್ಕಳಾದವು. ಎರಡನೆಯವಳೇ ಮುಂದೆ ಲೇಖಕಿಯಾಗಿ ಹೆಸರು ಮಾಡಿದ ಅರುಂಧತಿ ರಾಯ್, ಹುಟ್ಟಿದ್ದು 1961ರಲ್ಲಿ, ಶಿಲ್ಲಾಂಗ್‌ನಲ್ಲಿ. ಗಂಡನ ಕುಡಿತ ಮಿತಿ ಮೀರಿತು. ಮೇರಿ ಎರಡೂ ಮಕ್ಕಳನ್ನು ಕರೆದುಕೊಂಡು ಹೊರಟುಬಂದರು. ಸಮುದಾಯದ ಲೆಕ್ಕದಲ್ಲಿ ಇದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ಕ್ರೈಸ್ತ ವಿವಾಹ ಕಾನೂನಿನಡಿ ಮದುವೆಯಾದ ಹೆಣ್ಣಿಗೆ ಕುಡುಕ ಗಂಡನಿಂದ ವಿಚ್ಛೇದನ ಪಡೆಯೋದು ಹೆಚ್ಚುಕಮ್ಮಿ ಆಗದ ಮಾತು. 1869ರ ವಿಚ್ಛೇದನ ಕಾಯ್ದೆ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನೇ ಸಾಬೀತು ಮಾಡಿದರೆ ಸಾಕು ಅನ್ನುತ್ತಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ಕೂಡ ಸಾಬೀತು ಮಾಡಬೇಕಿತ್ತು. ಬರೀ ಹೊಡೆತ ಸಾಲದು, ಬರೀ ಕುಡಿತವಂತೂ ಸಾಲದೇ ಸಾಲದು. ಇದು ಸರಿಯಾದದ್ದು 2001ರ ತಿದ್ದುಪಡಿಯಲ್ಲಿ. ಅಲ್ಲಿವರೆಗೆ ಎಷ್ಟು ಜನ ಹೆಂಗಸರು ಸುಮ್ನೆ ತವರಿಗೆ ಬಂದು ಕೂತರೋ, ಅವರ ಹೆಸರು ಯಾವ ಕಡತದಲ್ಲೂ ಇಲ್ಲ.

ಮೇರಿ ಬಂದದ್ದು ಊಟಿಗೆ. ಅಲ್ಲಿ ತೀರಿಹೋದ ಅಪ್ಪನ ಒಂದು ಮನೆ ಖಾಲಿ ಇತ್ತು. ಕೈಯಲ್ಲಿ ದುಡ್ಡಿಲ್ಲ, ಆಸ್ತಮಾ ಕಾಯಿಲೆ, ಎರಡು ಸಣ್ಣ ಮಕ್ಕಳು. ಸ್ವಲ್ಪ ಕಾಲದಲ್ಲೇ ತಾಯಿ ಮತ್ತು ಸಹೋದರನಿಂದ ಮನೆ ಬಿಡು ಎಂಬ ಮಾತು ಬಂತು. ಅವರು ಕೊಟ್ಟ ಕಾರಣ ಸರಳ. ಕೋಟ್ಟಯಂ ಸೇರಿದ್ದ ಹಳೇ ತಿರುವಾಂಕೂರು ಸಂಸ್ಥಾನದ ಕ್ರೈಸ್ತ ಹೆಣ್ಣುಮಗಳಿಗೆ ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ.

ತಮಾಷೆ ಏನೆಂದರೆ ಊಟಿ ಇರುವುದು ತಮಿಳುನಾಡಿನಲ್ಲಿ. ತಿರುವಾಂಕೂರಿನ ಕಾಯ್ದೆ ಅಲ್ಲಿಯ ಮನೆಗೆ ಅನ್ವಯಿಸುವುದೇ ಇಲ್ಲ. ಆದರೆ ಇದು ಆಗ ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ. ಮನೆಯ ಹಿರಿಯರು 'ಕಾನೂನು ಹೀಗಿದೆ' ಎಂದಾಗ ಪುಸ್ತಕ ತೆಗೆದು ನೋಡುವ ಮಗಳು ಎಷ್ಟು ಮನೆಯಲ್ಲಿದ್ದಾಳೆ?

ಮೇರಿ ಕೋಟ್ಟಯಂ ಕಡೆಗೆ ವಾಪಸಾದರು. 1967ರಲ್ಲಿ ರೋಟರಿ ಕ್ಲಬ್ಬಿನ ಜಾಗದಲ್ಲಿ ಏಳು ಮಕ್ಕಳನ್ನು ಕೂರಿಸಿಕೊಂಡು ಶಾಲೆ ಶುರು ಮಾಡಿದರು. ಏಳರಲ್ಲಿ ಎರಡು ಅವರದೇ ಮಕ್ಕಳು. ಮುಂದೆ ಅದಕ್ಕೆ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಡ ಕಟ್ಟಿಕೊಟ್ಟರು. ಮೊದಲು ಕಾರ್ಪಸ್ ಕ್ರಿಸ್ಟಿ ಎಂದಿದ್ದ ಶಾಲೆಗೆ ಆಮೇಲೆ 'ಪಳ್ಳಿಕ್ಕೂಡಂ' ಎಂದು ಹೆಸರಾಯಿತು. ಶಾಲೆ ನಿಂತಿತು, ಮಕ್ಕಳು ಬೆಳೆದರು. ಅಪ್ಪನ ಮನೆಯಿಂದ ಎಬ್ಬಿಸಿದ ನೋವು ಮಾತ್ರ ಹಾಗೇ ಉಳಿಯಿತು.

ಕಾಯ್ದೆ ಏನು ಹೇಳುತ್ತಿತ್ತು?

ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆ ಬಂದದ್ದು 1916ರಲ್ಲಿ, ರಾಜರ ಆಳ್ವಿಕೆಯಲ್ಲಿ. ಉಯಿಲು ಬರೆಯದೆ ಸತ್ತ ಕ್ರೈಸ್ತನ ಆಸ್ತಿ ಯಾರಿಗೆ ಹೋಗಬೇಕು ಎಂಬುದು ಅದರ ವಿಷಯ. ಗಂಡುಮಕ್ಕಳು ಸಮನಾಗಿ ಹಂಚಿಕೊಳ್ಳಬೇಕು. ಮಗಳಿಗೆ 'ಸ್ತ್ರೀಧನಂ'. ಅದು ಎಷ್ಟು? ಒಬ್ಬ ಮಗನ ಪಾಲಿನ ಕಾಲು ಭಾಗ, ಇಲ್ಲವೇ ಐದು ಸಾವಿರ ರೂಪಾಯಿ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಮದುವೆಯಲ್ಲಿ ಸ್ತ್ರೀಧನ ಕೊಟ್ಟಾಗಿದ್ದರೆ, ಅಷ್ಟೇ ಏಕೆ, ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ ಸಾಕು, ಮಗಳ ಹಕ್ಕು ಅಲ್ಲಿಗೆ ಮುಗಿಯಿತು. ವಿಧವೆಗೆ ಸಿಗುವುದು ಜೀವ ಇರುವವರೆಗಿನ ಹಕ್ಕು ಮಾತ್ರ. ಆಕೆ ಮತ್ತೆ ಮದುವೆಯಾದರೆ ಅದೂ ಹೋಯಿತು.

'ಯಾವುದು ಕಡಿಮೆಯೋ ಅದು' ಎಂಬ ಮಾತನ್ನು ಇನ್ನೊಮ್ಮೆ ಓದಿ. ಎಷ್ಟು ಲೆಕ್ಕ ಹಾಕಿ ಇಟ್ಟ ಮಾತು! ಬಡವನ ಮಗಳಿಗೆ ಕಾಲು ಪಾಲು, ಶ್ರೀಮಂತನ ಮಗಳಿಗೆ ಐದು ಸಾವಿರ. 1916ರಲ್ಲಿ ಅದು ದೊಡ್ಡ ಮೊತ್ತವೇ. ಆದರೆ ರಬ್ಬರ್ ತೋಟಗಳ ಬೆಲೆ ಏರುತ್ತಾ ಹೋಯಿತು, ಐದು ಸಾವಿರ ಐದು ಸಾವಿರವಾಗಿಯೇ ಉಳಿಯಿತು.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬ ಅಪ್ಪ 18 ಲಕ್ಷದ ಆಸ್ತಿ ಬಿಟ್ಟು ಸತ್ತ ಎಂದುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಿರುವಾಂಕೂರು ಕಾಯ್ದೆಯಲ್ಲಿ ಮಗಳ ಕೈಗೆ 5,000. ಬೇರೆ ಕಡೆಯ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಅಂದರೆ 6 ಲಕ್ಷ. ಉಳಿದ 12 ಲಕ್ಷವನ್ನು ಮೂರು ಮಕ್ಕಳು ಸಮನಾಗಿ ಹಂಚಿಕೊಂಡರೆ ಮಗಳಿಗೆ 4 ಲಕ್ಷ. ಐದು ಸಾವಿರ ಎಲ್ಲಿ, ನಾಲ್ಕು ಲಕ್ಷ ಎಲ್ಲಿ!

ಈ ಕಾಯ್ದೆಯ ಇನ್ನೊಂದು ಕಲಮು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕೊಲ್ಲಂ, ತಿರುವನಂತಪುರ, ನೆಯ್ಯಾಟಿಂಕರ ಮುಂತಾದ ತಾಲೂಕುಗಳ ಕೆಲವು ಲ್ಯಾಟಿನ್ ಕ್ಯಾಥೊಲಿಕರಿಗೆ ಮತ್ತು ಕೆಲವು ಪ್ರೊಟೆಸ್ಟೆಂಟರಿಗೆ ಇದರ ಮುಖ್ಯ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಕಾರಣ? ಅವರಲ್ಲಿ ಮೊದಲಿಂದಲೂ ಗಂಡು, ಹೆಣ್ಣು ಇಬ್ಬರಿಗೂ ಸಮಪಾಲಿನ ರೂಢಿ ಇತ್ತು. ಅಂದರೆ ಅದೇ ರಾಜ್ಯ, ಅದೇ ಶಿಲುಬೆ, ಅದೇ ಬೈಬಲ್. ಒಂದು ಊರಲ್ಲಿ ಮಗಳಿಗೆ ಸಮಪಾಲು, ಇನ್ನೊಂದು ಊರಲ್ಲಿ ಐದು ಸಾವಿರ. ಆಮೇಲೆ ಯಾರಾದರೂ 'ಇದು ನಮ್ಮ ಕ್ರೈಸ್ತ ಸಂಪ್ರದಾಯ' ಎಂದು ವಾದಿಸಿದರೆ ಈ ಕಲಮನ್ನು ತೋರಿಸಿದರೆ ಸಾಕು. ಅದು ಧರ್ಮದ ಮಾತಲ್ಲ, ಜಮೀನಿನ ಮಾತು.

ದೆಹಲಿಯಲ್ಲಿ

1983ರಲ್ಲಿ ಮೇರಿ ರಾಯ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ವಕೀಲೆ ಇಂದಿರಾ ಜೈಸಿಂಗ್ ಅವರ ಪರ ನಿಂತರು. ಈ ಕಾಯ್ದೆ ಸಂವಿಧಾನದ 14ನೇ ವಿಧಿಗೆ, ಅಂದರೆ ಸಮಾನತೆಗೆ ವಿರುದ್ಧ ಎಂಬುದು ಅರ್ಜಿಯ ತಿರುಳು. ಸಮಾಜ ಸುಧಾರಣೆಗಲ್ಲ, ಸಿಟ್ಟಿಗೆ ಹೋದೆ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದುಂಟು. ನನಗೆ ಈ ಪ್ರಾಮಾಣಿಕತೆ ಇಷ್ಟ. ಮನೆಯಿಂದ ಎಬ್ಬಿಸಿದವರ ಮೇಲೆ ಸಿಟ್ಟು ಬರದೆ ಇನ್ನೇನು ಬರಬೇಕು?

24 ಫೆಬ್ರವರಿ 1986ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ತೀರ್ಪು ಕೊಟ್ಟರು. ಮೇರಿ ಗೆದ್ದರು. ಆದರೆ ಗೆದ್ದ ದಾರಿ ಬೇರೆ. ಸಮಾನತೆಯ ಪ್ರಶ್ನೆಯನ್ನು ನ್ಯಾಯಪೀಠ ಮುಟ್ಟಲೇ ಇಲ್ಲ. ಅದು ಹಿಡಿದದ್ದು 1951ರ ಒಂದು ಒಣ ಕಾಯ್ದೆಯನ್ನು.

ಸ್ವಾತಂತ್ರ್ಯ ಬಂದಮೇಲೆ ಹಳೇ ರಾಜಸಂಸ್ಥಾನಗಳನ್ನು 'ಬಿ' ವರ್ಗದ ರಾಜ್ಯಗಳು ಎಂದು ಕರೆದಿದ್ದರು. ತಿರುವಾಂಕೂರು-ಕೊಚ್ಚಿ ಅದರಲ್ಲೊಂದು. ನಮ್ಮ ಮೈಸೂರೂ ಅದೇ ಪಟ್ಟಿಯಲ್ಲಿತ್ತು. ಭಾರತದ ಹಲವು ಕೇಂದ್ರ ಕಾನೂನುಗಳನ್ನು ಈ ರಾಜ್ಯಗಳಿಗೂ ಚಾಚಿ, ಅವಕ್ಕೆ ಸಮನಾದ ಸ್ಥಳೀಯ ಕಾನೂನುಗಳನ್ನು ರದ್ದು ಮಾಡಿದ್ದು ಆ 1951ರ ಕಾಯ್ದೆ. ಹಾಗೆ ಬಂದ ಕಾನೂನುಗಳಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಇತ್ತು. ಹಾಗಾದರೆ ತಿರುವಾಂಕೂರಿನ ಹಳೇ ಕಾಯ್ದೆ 1951ರ ಏಪ್ರಿಲ್ 1ರಂದೇ ಸತ್ತುಹೋಗಿದೆ ಎಂದಿತು ಸುಪ್ರೀಂ ಕೋರ್ಟ್. ಕೇರಳ ಮತ್ತು ಮದ್ರಾಸ್ ಕಡೆಯ ಹೈಕೋರ್ಟ್‌ಗಳಲ್ಲಿ ಇದಕ್ಕೆ ವಿರುದ್ಧವಾಗಿ ಬಂದಿದ್ದ ತೀರ್ಪುಗಳು ಬಿದ್ದುಹೋದವು.

35 ವರ್ಷ ಒಂದು ಸತ್ತ ಕಾನೂನು ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುತ್ತಿತ್ತು. ಅಷ್ಟೂ ಮನೆಗಳಲ್ಲಿ ಹಿರಿಯರು 'ಕಾನೂನು ಹೀಗಿದೆ' ಅನ್ನುತ್ತಲೇ ಇದ್ದರು.

ಸಮಾನತೆಯ ಮಾತು ತೀರ್ಪಿನಲ್ಲಿ ಬಾರದೇ ಹೋದದ್ದು ಒಂದು ಕೊರತೆ ಎಂದು ಹಲವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಧರ್ಮದ ಹೆಸರಿನ ವೈಯಕ್ತಿಕ ಕಾನೂನು ಸಂವಿಧಾನಕ್ಕೆ ತಲೆಬಾಗಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆ ಅವತ್ತು ಹಾಗೇ ಪಕ್ಕಕ್ಕೆ ಸರಿಯಿತು. ಆದರೆ 1986ರಲ್ಲಿ ಒಬ್ಬ ತಾಯಿಗೆ ಬೇಕಾಗಿದ್ದು ದೊಡ್ಡ ತತ್ವವಲ್ಲ, ತನ್ನ ಪಾಲು.

ಇಗರ್ಜಿಯ ಮಾತು

ತೀರ್ಪು ಬಂದದ್ದೇ ತಡ, ಕೋಟ್ಟಯಂ ಸುತ್ತಮುತ್ತ ಗಾಬರಿ ಹಬ್ಬಿತು. 1951ರಿಂದ ಆದ ಎಲ್ಲ ಪಾಲುಪಟ್ಟಿಗಳೂ ಮತ್ತೆ ತೆರೆದುಕೊಳ್ಳುತ್ತವೆ, ಮಾರಿದ ಜಮೀನು, ಬ್ಯಾಂಕಿಗೆ ಅಡವಿಟ್ಟ ತೋಟ ಎಲ್ಲವೂ ಕೋರ್ಟ್ ಮೆಟ್ಟಿಲು ಹತ್ತುತ್ತವೆ ಎಂಬ ಭಯ. ಅಕ್ಕತಂಗಿಯರು ಅಣ್ಣತಮ್ಮಂದಿರ ಮೇಲೆ ಕೇಸು ಹಾಕುತ್ತಾರೆ, ಕುಟುಂಬಗಳು ಒಡೆಯುತ್ತವೆ ಎಂಬ ಪ್ರಸಂಗಗಳು, ಅಂದರೆ ಚರ್ಚಿನ ಬೋಧನೆಗಳು, ಶುರುವಾದವು. ಉಯಿಲು ಬರೆದಿಟ್ಟುಬಿಡಿ ಎಂದು ಪಾದ್ರಿಗಳೇ ಹೇಳಿದರು. ಉಯಿಲು ಬರೆಯೋದು ಹೇಗೆ ಎಂದು ಸಲಹೆ ಕೊಡುವ ಏರ್ಪಾಡುಗಳೂ ಆದವು. ಹಳೇ ಕಾಯ್ದೆಗೆ ಜೀವ ಕೊಡಲು 1994ರಲ್ಲಿ ಕೇರಳದಲ್ಲಿ ಒಂದು ಮಸೂದೆಯೂ ತಯಾರಾಯಿತು. ಅದು ಕಾನೂನಾಗಲಿಲ್ಲ, ಪುಣ್ಯ.

ವಿರೋಧಿಸಿದವರ ಮಾತನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ಅವರ ವಾದದಲ್ಲಿ ಹುರುಳಿರುವ ಭಾಗವೂ ಇದೆ. ಸಿರಿಯನ್ ಕ್ರೈಸ್ತರಲ್ಲಿ ಕೊನೇ ಮಗ ಮನೆಯಲ್ಲಿ ಉಳಿದು ತಂದೆತಾಯಿಯನ್ನು ನೋಡಿಕೊಳ್ಳುವ ರೂಢಿ. ತೋಟದಲ್ಲಿ ದುಡಿದವನು ಅವನು. ಮಗಳ ಮದುವೆಗೆ ಎಷ್ಟೋ ಅಪ್ಪಂದಿರು ಐದು ಸಾವಿರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟಿದ್ದರು, ಅದಕ್ಕಾಗಿ ಜಮೀನು ಮಾರಿದವರೂ ಇದ್ದರು. ಕೊಟ್ಟದ್ದು ಒಂದು ಸಲ, ಈಗ ಪಾಲು ಇನ್ನೊಂದು ಸಲವೇ ಎಂದು ಅವರು ಕೇಳಿದರು. ಆಗಲೇ ಇತ್ಯರ್ಥವಾದ ಆಸ್ತಿಯನ್ನು 35 ವರ್ಷದ ಹಿಂದಿನಿಂದ ಕೆದಕೋದು ಎಲ್ಲರಿಗೂ ತಲೆನೋವೇ.

ಆದರೆ ಆ ಸ್ತ್ರೀಧನ ಯಾರ ಕೈಗೆ ಹೋಯಿತು? ಹೆಸರಲ್ಲಿ 'ಸ್ತ್ರೀ' ಇದೆ ಅಷ್ಟೇ. ದುಡ್ಡು ಹೋದದ್ದು ಗಂಡನ ಅಪ್ಪನ ಕೈಗೆ. ಅದರಿಂದ ಆತ ತನ್ನ ಮಗಳ ಮದುವೆ ಮಾಡಿದ. ಆ ದುಡ್ಡಿನಲ್ಲಿ ಒಂದು ಪಾಲು ಇಗರ್ಜಿಗೂ ಸಲ್ಲುವ ರೂಢಿ ಇತ್ತು. ಮನೆಯಿಂದ ಮನೆಗೆ ಹಣ ಸುತ್ತುತ್ತಿತ್ತು, ಅದನ್ನು ಹೊತ್ತು ತಂದ ಹೆಣ್ಣು ಮಾತ್ರ ಒಂದು ಸಲವೂ ಅದರ ಒಡತಿಯಾಗಲಿಲ್ಲ. ಗಂಡ ಕುಡುಕನಾದರೆ, ಸತ್ತರೆ, ಬಿಟ್ಟರೆ ಅದನ್ನು ವಾಪಸು ಕೇಳೋದು ಯಾರ ಹತ್ತಿರ? ಇನ್ನೊಂದು ವಿಷಯ. 1961ರಲ್ಲೇ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿತ್ತು. 'ಆಗಲೇ ವರದಕ್ಷಿಣೆ ಕೊಟ್ಟಿದ್ದೇವೆ, ಪಾಲು ಯಾಕೆ' ಎನ್ನುವವನು ತಾನು ಮಾಡಿದ ಅಪರಾಧವನ್ನೇ ಸಾಕ್ಷಿಯಾಗಿ ತಂದಹಾಗೆ. ಆ ಮಾತು ಧರ್ಮಪೀಠದಿಂದಲೂ ಬಂದದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

'ಕುಟುಂಬ ಒಡೆಯುತ್ತದೆ' ಎಂಬ ಮಾತಿನ ವಿಷಯಕ್ಕೆ ಬರೋಣ. ಮೇರಿ ರಾಯ್ ಮನೆ ಒಡೆದದ್ದು ಯಾವಾಗ? ಆಕೆ ಕೋರ್ಟಿಗೆ ಹೋದಾಗಲೋ, ಇಲ್ಲ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವಳಿಗೆ ಊಟಿ ಮನೆ ಬಿಡು ಎಂದಾಗಲೋ? ಒಡೆದ ಸದ್ದು ಮಾತ್ರ ಕೋರ್ಟಿನಲ್ಲಿ ಕೇಳಿಸಿತು.

ಬೈಬಲ್ ಏನು ಹೇಳುತ್ತದೆ ಎಂದು ಹುಡುಕುವವರಿಗೆ ನೇರ ಉತ್ತರ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ, ಎಲ್ಲ ಹಿರಿಯರ ಎದುರಿಗೇ ನಿಂತು ಅಪ್ಪನ ಪಾಲು ಕೇಳುತ್ತಾರೆ. ಮೋಶೆ ದೇವರನ್ನು ಕೇಳುತ್ತಾನೆ. ಅವರು ಹೇಳುವುದು ನ್ಯಾಯವೇ, ಕೊಡು ಎಂದು ದೇವರು ಹೇಳುತ್ತಾನೆ. ಆದರೆ ಅವರಿಗೆ ಅಣ್ಣತಮ್ಮಂದಿರಿರಲಿಲ್ಲ. ಸಾಲದ್ದಕ್ಕೆ 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ಮತ್ತೆ ಬರುತ್ತಾರೆ. ಈ ಹುಡುಗಿಯರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಜಮೀನು ಹೋಗುತ್ತಲ್ಲ ಅನ್ನುತ್ತಾರೆ. ಒಳಗೇ ಮದುವೆಯಾಗಲಿ ಎಂದು ತೀರ್ಮಾನವಾಗುತ್ತದೆ. ಓದಿದಾಗ ನಗು ಬಂತು. ಕೋಟ್ಟಯಂ ಹಿರಿಯರು ಅಲ್ಲೂ ಇದ್ದರು!

ಅಣ್ಣತಮ್ಮಂದಿರಿದ್ದೂ ಪಾಲು ಸಿಕ್ಕ ಹೆಣ್ಣುಮಕ್ಕಳು ಯೋಬನ ಮಕ್ಕಳು. ಬೈಬಲ್ಲಿನ ಯೋಬನ ಪುಸ್ತಕದ ಕೊನೇ ಅಧ್ಯಾಯದಲ್ಲಿ, ಎಲ್ಲ ಕಳೆದುಕೊಂಡು ಮತ್ತೆ ಪಡೆದ ಯೋಬ ತನ್ನ ಮೂರು ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಜೊತೆಯಲ್ಲೇ ಆಸ್ತಿ ಕೊಡುತ್ತಾನೆ. ಒಂದೇ ಸಾಲು. ಪ್ರಸಂಗದಲ್ಲಿ ಯೋಬನ ತಾಳ್ಮೆ ಎಷ್ಟೋ ಸಲ ಕೇಳಿದ್ದೇನೆ. ಈ ಸಾಲನ್ನು ಒಬ್ಬರೂ ಓದಿದ್ದು ನೆನಪಿಲ್ಲ.

ಬದಲಿಗೆ ಓದುವುದು ಲೂಕನ 12ನೇ ಅಧ್ಯಾಯ. ಅಣ್ಣನಿಗೆ ಹೇಳಿ ಪಾಲು ಕೊಡಿಸು ಎಂದು ಒಬ್ಬ ಯೇಸುವನ್ನು ಕೇಳುತ್ತಾನೆ. ನನ್ನನ್ನು ನಿಮಗೆ ನ್ಯಾಯಾಧೀಶನನ್ನಾಗಿ ಇಟ್ಟವರು ಯಾರು ಎಂದು ಯೇಸು ನಿರಾಕರಿಸುತ್ತಾನೆ. ನೋಡಿ, ಪಾಲು ಕೇಳಬಾರದು ಎಂದು ಬೋಧನೆ. ಆದರೆ ಅದರ ಮರುಕ್ಷಣವೇ ಯೇಸು ಹೇಳುವ ಸಾಮತಿ, ಅಂದರೆ ದೃಷ್ಟಾಂತ ಕಥೆ, ಯಾರದ್ದು? ಕಣಜ ಕೆಡವಿ ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟ ಶ್ರೀಮಂತನದ್ದು. ಆ ಎಚ್ಚರಿಕೆ ಪಾಲು ಕೇಳಿದವನಿಗಷ್ಟೇ ಅಲ್ಲ, ಕೊಡದೆ ಇಟ್ಟುಕೊಂಡವನಿಗೂ ತಾಗುತ್ತದೆ.

ಇನ್ನು ಪ್ರತಿ ಮದುವೆಯಲ್ಲೂ ಓದುವ ಆದಿಕಾಂಡದ ಮಾತು. ಪುರುಷನು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು. ಬಿಟ್ಟು ಬರಬೇಕಾದವನು ಗಂಡು! ನಮ್ಮ ಯಾವ ಮದುವೆಯಲ್ಲಿ ಹಾಗೆ ನಡೆದಿದೆ? ಬಿಟ್ಟು ಬರುವವಳು ಅವಳು, ಬಿಟ್ಟ ಮನೆಯ ಮೇಲೆ ಹಕ್ಕು ಉಳಿಯುವುದು ಅವನಿಗೆ.

ಗೆದ್ದ ಮೇಲೆ

ತೀರ್ಪು ಕೈಯಲ್ಲಿದ್ದರೂ ಜಮೀನು ಕೈಗೆ ಬರಲಿಲ್ಲ. ಕಾನೂನು ಯಾವುದು ಎಂದಷ್ಟೇ ಸುಪ್ರೀಂ ಕೋರ್ಟ್ ಹೇಳಿತ್ತು. ಪಾಲು ವಿಂಗಡಣೆಗೆ ಕೋಟ್ಟಯಂನ ಕೆಳಕೋರ್ಟಿನಿಂದ ಮತ್ತೆ ಶುರು ಮಾಡಬೇಕಾಯಿತು. ಪಾಲು ನಿಜವಾಗಿ ಕೈ ಸೇರುವ ಹೊತ್ತಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಸರಿದಿತ್ತು. ಮೇರಿ ರಾಯ್‌ಗೆ ಆಗ ಎಪ್ಪತ್ತು ದಾಟಿತ್ತು. ಆ ಜಮೀನಿನ ಅಗತ್ಯ ಅವರಿಗೆ ಉಳಿದಿರಲಿಲ್ಲ. ಶಾಲೆ ದೊಡ್ಡದಾಗಿತ್ತು, ಹೆಸರಾಗಿತ್ತು. 1 ಸೆಪ್ಟೆಂಬರ್ 2022ರಂದು, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಆದರ್ಶ ತಾಯಿ ಆಗಿದ್ದರು ಎಂದು ಹೇಳಿ ಕಥೆಯನ್ನು ಸಿಹಿ ಮಾಡುವ ಆಸೆ ನನಗಿಲ್ಲ. ತಾಯಿಯ ಮುಂಗೋಪ, ಕಠಿಣ ಮಾತು, ಅದರಿಂದಾದ ಗಾಯಗಳ ಬಗ್ಗೆ ಮಗಳು ಅರುಂಧತಿಯೇ ಬಹಿರಂಗವಾಗಿ ಬರೆದಿದ್ದಾರೆ, ಪ್ರೀತಿಯನ್ನೂ ಬಚ್ಚಿಟ್ಟಿಲ್ಲ. ಒಳ್ಳೇ ಹೆಂಡತಿ, ಒಳ್ಳೇ ತಾಯಿ, ಒಳ್ಳೇ ಮಗಳು ಎಂಬ ಪರೀಕ್ಷೆಯಲ್ಲಿ ಪಾಸಾದವಳಿಗೆ ಮಾತ್ರ ಪಾಲು ಎಂದು ಇಟ್ಟರೆ ಯಾವ ಹೆಣ್ಣಿಗೂ ಸಿಗುವುದಿಲ್ಲ. ಸಹೋದರನಿಗೆ ಯಾರೂ ಆ ಪರೀಕ್ಷೆ ಇಟ್ಟಿರಲಿಲ್ಲ.

ನಮ್ಮ ಕಡೆ

ಮಂಗಳೂರು ಕಡೆಯ ಕ್ರೈಸ್ತರು ಈ ಪ್ರಕರಣ ಓದಿ ಒಂದು ನಿಟ್ಟುಸಿರು ಬಿಡುತ್ತಾರೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ಕಾನೂನೇ ನಡೆಯುತ್ತಿತ್ತು. ಹಾಗಾಗಿ ಇಲ್ಲಿ ಉಯಿಲಿಲ್ಲದ ಆಸ್ತಿಯಲ್ಲಿ ಮಗ, ಮಗಳಿಗೆ ಸಮಪಾಲು ಎಂಬುದು ಮೊದಲಿಂದಲೇ ಕಾನೂನು. ಕರ್ನಾಟಕದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಹಕ್ಕು ಬಂದದ್ದು 1994ರಲ್ಲಿ. ಆ ಲೆಕ್ಕದಲ್ಲಿ ನಾವು ಬಹಳ ಮುಂದೆ.

ಕಾಗದದ ಮೇಲೆ. ನಾನು ಕಂಡ ಮನೆಗಳಲ್ಲಿ ನಡೆಯುವುದು ಬೇರೆ. ಅಪ್ಪ ಸತ್ತು ತಿಂಗಳ ಪೂಜೆ ಮುಗಿದಮೇಲೆ ಅಣ್ಣ ಫೋನ್ ಮಾಡುತ್ತಾನೆ. ಒಂದು ಸಹಿ ಬೇಕಿತ್ತು, ಬಂದು ಹೋಗು. ಮುಂಬೈಯಿಂದಲೋ ದುಬೈಯಿಂದಲೋ ತಂಗಿ ಬರುತ್ತಾಳೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ತಯಾರಿರುತ್ತದೆ. ಓದಿ ನೋಡುತ್ತೇನೆ ಅಂದರೆ ಮುಖ ಸಣ್ಣದಾಗುತ್ತದೆ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಅವಳಿಗೆ. ಹಬ್ಬಕ್ಕೆ ಯಾರು ಕರೆಯುತ್ತಾರೆ, ಮಕ್ಕಳ ಮದುವೆಗೆ ಸೋದರಮಾವನಾಗಿ ಯಾರು ನಿಲ್ಲುತ್ತಾರೆ? ಆ ಹೆದರಿಕೆಯ ಬೆಲೆಯೇ ಅವಳ ಸಹಿ. ಮನಸಾರೆ ಬಿಟ್ಟುಕೊಟ್ಟ ಅಕ್ಕಂದಿರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಕೊಡಲ್ಲ ಎನ್ನುವ ದಾರಿಯೂ ತೆರೆದಿದ್ದಾಗ ಮಾತ್ರ ಕೊಟ್ಟದ್ದಕ್ಕೆ ಮನಸಾರೆ ಅನ್ನಬಹುದು.

ಇನ್ನೊಂದು ದಾರಿ ಉಯಿಲು. ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತ ಅಪ್ಪ ತನ್ನ ಇಡೀ ಆಸ್ತಿಯನ್ನು ಇಷ್ಟಬಂದವರಿಗೆ ಬರೆಯಬಹುದು. ಮಕ್ಕಳಿಗೆ ಇಷ್ಟಾದರೂ ಇಡಲೇಬೇಕು ಎಂಬ ಕಟ್ಟಳೆ ಇಲ್ಲ. ಒಂದೇ ಸಾಲಿನಲ್ಲಿ ಮಗಳನ್ನು ಹೊರಗಿಡಬಹುದು. 2002ರ ತಿದ್ದುಪಡಿಯಿಂದ ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್, ಅಂದರೆ ಕೋರ್ಟಿನ ದೃಢೀಕರಣ, ಪಡೆಯಲೇಬೇಕು ಎಂಬ ಕಡ್ಡಾಯವೂ ಹೋಗಿದೆ. ಸಮಪಾಲಿನ ಕಾನೂನು ಅನ್ವಯಿಸುವುದು ಅಪ್ಪ ಏನೂ ಬರೆಯದೆ ಸತ್ತರೆ ಮಾತ್ರ. ಕೋಟ್ಟಯಂನ ಪಾದ್ರಿಗಳು 1986ರಲ್ಲಿ ಉಯಿಲು ಬರೆಯಿರಿ ಎಂದದ್ದು ಇದೇ ಕಾರಣಕ್ಕೆ.

ಬೆಳ್ತಂಗಡಿ, ಸುಳ್ಯ ಕಡೆ ಕೇರಳದಿಂದ ಬಂದು ರಬ್ಬರ್ ಹಾಕಿದ ಸಿರಿಯನ್ ಕುಟುಂಬಗಳು ಬಹಳ ಇವೆ. 1999ರಲ್ಲಿ ಬೆಳ್ತಂಗಡಿಗೇ ಒಂದು ಸಿರೋ ಮಲಬಾರ್ ಧರ್ಮಪ್ರಾಂತ್ಯವೂ ಬಂತು. ತಿರುವಾಂಕೂರು ಕಾಯ್ದೆ ಗಡಿ ದಾಟಿ ಇಲ್ಲಿಗೆ ಬರಲು ಸಾಧ್ಯವೇ ಇರಲಿಲ್ಲ. ಊಟಿ ಮನೆಯ ಹಾಗೆಯೇ, ಇಲ್ಲಿಯ ಜಮೀನಿಗೆ ಇಲ್ಲಿಯ ಕಾನೂನು. ಕಾಯ್ದೆ ಬಾರದಿದ್ದರೂ ರೂಢಿ ಬಸ್ಸು ಹತ್ತಿ ಬರುತ್ತದೆ. ಕೊಂಕಣಿಯವರ 'ದೋತ್', ಮಲಯಾಳಿಗಳ 'ಸ್ತ್ರೀಧನಂ', ಕನ್ನಡದವರ ವರದಕ್ಷಿಣೆ ಈಗ ಒಂದೇ ಹಾಲ್‌ನಲ್ಲಿ ಊಟಕ್ಕೆ ಕೂರುತ್ತವೆ.

ಹೋದ ವರ್ಷ ಪರಿಚಯದ ಹಿರಿಯರೊಬ್ಬರು ಉಯಿಲು ಬರೆಯೋದಕ್ಕೆ ಸಲಹೆ ಕೇಳಲು ಬಂದರು. ಎರಡು ಎಕರೆ ಅಡಿಕೆ ತೋಟ, ಒಂದು ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಎಲ್ಲ ಮಗನಿಗೆ ಅಂದರು. ಹೆಣ್ಣುಮಕ್ಕಳನ್ನು ಕೇಳಿದ್ದೀರಾ ಅಂದೆ. ಅವರು ಏನೂ ಕೇಳೋರಲ್ಲ, ಒಳ್ಳೇ ಮಕ್ಕಳು ಅಂದರು. ನಾನು ಮೇರಿ ರಾಯ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆ ಅಪ್ಪ ಉಯಿಲು ಬರೆದಿದ್ದರೆ ಈ ಕೇಸೇ ಇರುತ್ತಿರಲಿಲ್ಲ ಅಲ್ವಾ ಅಂದರು.

ಹೌದು ಅಂದೆ. ಯಾವ ಥರ ಬರೆದಿದ್ದರೂ ಇರುತ್ತಿರಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಭಾನುವಾರ ಮೂವರನ್ನೂ ಊಟಕ್ಕೆ ಕರೀತೇನೆ, ಕಾಗದ ಆಮೇಲೆ ಬರೆಯೋಣ ಎಂದು ಎದ್ದರು.